ಸಾರು ಬರದ ಪಂಕ್ತಿ

ಅನ್ನದ ರಾಶಿಯ ನಡುವೆ ಬೆರಳಿನಿಂದ ಮಾಡಿದ ಒಂದು ಗುಂಡಿ. ಸಾರು ಹರಿದು ಎಲೆಯ ಆಚೆ ಹೋಗದಂತೆ ಸುತ್ತ ಒತ್ತಿ ಕಟ್ಟೆ ಕಟ್ಟಲಾಗಿತ್ತು. ಕಟ್ಟೆ ಗಟ್ಟಿಯಾಗಿತ್ತು. ಗುಂಡಿ ಖಾಲಿಯಿತ್ತು.

ಆ ಎಲೆ ನಮ್ಮ ವಿಭಾಗದ ಮುಖ್ಯಸ್ಥರದು. ಪಕ್ಕದ ಎಲೆ ನನ್ನದು. ಬಡಿಸುತ್ತಿದ್ದವರು ನನ್ನ ವಿದ್ಯಾರ್ಥಿಗಳು. ಸಾರು ಬರದಿದ್ದುದರಲ್ಲಿ, ನಾನು ತುಂಬಾ ಯೋಚಿಸಿ ಮಾಡಿದ್ದ ಒಂದು ನಿಯಮದ ಪಾಲೂ ಇತ್ತು.

ಶಿವಮೊಗ್ಗದ ಒಂದು ಕಾಲೇಜಿನಲ್ಲಿ ನಾನು ಎಂಬಿಎ ತರಗತಿಗೆ ಆರ್ಗನೈಸೇಶನಲ್ ಬಿಹೇವಿಯರ್ ಕಲಿಸುತ್ತೇನೆ. ಜನ ಒಟ್ಟಿಗೆ ಕೆಲಸ ಮಾಡುವಾಗ ಯಾರು ಹೇಗೆ ನಡೆದುಕೊಳ್ಳುತ್ತಾರೆ, ಯಾಕೆ ಎನ್ನುವುದೇ ಆ ವಿಷಯ. ಅದಕ್ಕೊಂದು ಗುಂಪು ಪ್ರಾಜೆಕ್ಟ್ ಇರುತ್ತದೆ. ಗುಂಪು ಪ್ರಾಜೆಕ್ಟ್ ಹೇಗೆ ನಡೆಯುತ್ತದೆಂದು ನನಗೆ ಚೆನ್ನಾಗಿ ಗೊತ್ತು. ನಾನು ಓದುವಾಗ ನಮ್ಮ ಗುಂಪಿನದನ್ನೆಲ್ಲ ನಾನೊಬ್ಬಳೇ ಬರೆಯುತ್ತಿದ್ದೆ, ಉಳಿದವರು ಬೈಂಡಿಂಗ್ ಮಾಡಿಸುತ್ತಿದ್ದರು. ಗುಂಪಿನಲ್ಲಿ ಚರ್ಚೆ ಅಂತ ನಡೆಯುತ್ತಿದ್ದುದು ಬೈಂಡಿಂಗಿನ ಬಣ್ಣದ ಬಗ್ಗೆ ಮಾತ್ರ.

ಈಗಿನ ತರಗತಿಯಲ್ಲೂ ಅಂಥ ಒಬ್ಬ ಹುಡುಗಿ ಇದ್ದಳು. ಹಿಂದಿನ ಸೆಮಿಸ್ಟರಿನಲ್ಲಿ ಐವರ ಹೆಸರಿದ್ದ ವರದಿಯನ್ನು ಅವಳೊಬ್ಬಳೇ ಬರೆದದ್ದು ಮುಖ್ಯಸ್ಥರಿಗೂ ಗೊತ್ತಾಗಿತ್ತು.

“ಮೇಡಂ, ಇದೇ ಕೊನೆ ಸಲ. ಒಬ್ರು ಬರೆದು ಐದು ಜನ ಮಾರ್ಕ್ಸ್ ತಗೊಳ್ಳೋದಾದ್ರೆ ಪ್ರಾಜೆಕ್ಟ್ ಯಾಕೆ ಬೇಕು? ಟೆಸ್ಟ್ ಇಡೋಣ, ತಲೆನೋವಿರಲ್ಲ,” ಅಂದರು.

ಟೆಸ್ಟ್ ಇಟ್ಟರೆ ಆ ಹುಡುಗಿ ಮೊದಲಿಗಳಾಗುತ್ತಿದ್ದಳು, ಮತ್ತಷ್ಟು ಒಂಟಿಯಾಗುತ್ತಿದ್ದಳು. ಅದು ನನಗೆ ಬೇಡವಾಗಿತ್ತು. ಯಾಕೆ ಬೇಡವೆಂದು ಅವರ ಮುಂದೆ ವಿವರಿಸುವುದೂ ಬೇಡವಾಗಿತ್ತು. “ಒಂದು ಹೊಸ ಡಿಸೈನ್ ಇದೆ ಸರ್,” ಎಂದಷ್ಟೇ ಹೇಳಿದೆ.

ಡಿಸೈನ್ ಹೀಗಿತ್ತು. ಐದು ಜನ ಮದುವೆ ಊಟದ ಒಂದು ಪಂಕ್ತಿಯನ್ನು ನೋಡಬೇಕು. ಪ್ರತಿಯೊಬ್ಬರೂ ಬಡಿಸುವ ಒಬ್ಬರನ್ನು ಮಾತ್ರ ಹಿಂಬಾಲಿಸಬೇಕು. ಉಪ್ಪಿನವರನ್ನು ನೋಡುವವರು ಸಾರಿನ ಕಡೆ ತಿರುಗುವ ಹಾಗಿಲ್ಲ. ಒಬ್ಬರಿಗೆ ಕಂಡದ್ದು ಇನ್ನೊಬ್ಬರಿಗೆ ಕಂಡಿರುವುದಿಲ್ಲವಾದ್ದರಿಂದ ಒಬ್ಬರೇ ಕೂತು ಬರೆಯಲು ಸಾಧ್ಯವಿಲ್ಲ. ನಿಯಮ ಒಂದೇ: ತಮ್ಮ ಪಾಲಿನದು ಬಿಟ್ಟು ಬೇರೆಯದಕ್ಕೆ ಕೈ ಹಾಕಬಾರದು. ಸೋಮವಾರ ತರಗತಿಯಲ್ಲಿ ಐವರೂ ಮಾತಾಡಬೇಕು, ಕೇಳಲು ಮುಖ್ಯಸ್ಥರು ಬರುತ್ತಾರೆ.

ಆ ಹುಡುಗಿಯ ಗುಂಪಿನಲ್ಲಿ ಭದ್ರಾವತಿಯ ಓಲ್ಡ್ ಟೌನಿನ ಹುಡುಗನೊಬ್ಬನಿದ್ದ. ಭಾನುವಾರ ಅವರ ಬೀದಿಯಲ್ಲೇ ಒಂದು ಮದುವೆಯಿತ್ತು. ಗೊತ್ತಿರುವ ಊರಾದರೆ ಅನುಕೂಲ ಎಂದುಕೊಂಡೆ. ಪುಸ್ತಕದಲ್ಲೂ ಹಾಗೇ ಇದೆ.

ಛತ್ರದಲ್ಲಿ ಐವರೂ ನೋಟ್‌ಬುಕ್ ಹಿಡಿದು ಗೋಡೆಗೆ ಒರಗಿ ನಿಂತರು. ನಾನು ಸ್ವಲ್ಪ ದೂರದಲ್ಲಿ ಕಂಬದ ಪಕ್ಕ ನಿಂತೆ. ಮದುವೆಮನೆಯ ಊಟದ ಹಾಲಿನಲ್ಲಿ ಸುಮ್ಮನೆ ನಿಂತು ನೋಡಲು ಯಾರನ್ನೂ ಬಿಡುವುದಿಲ್ಲ ಎಂಬುದು ನನ್ನ ಡಿಸೈನಿನಲ್ಲಿ ಇರಲಿಲ್ಲ.

“ಯಾಕ್ರಪ್ಪ ನಿಂತಿದೀರಿ? ನಾಚ್ಕೋಬೇಡಿ, ಕೂತ್ಕೊಳ್ಳಿ,” ಎಂದು ಮದುಮಗಳ ಸೋದರಮಾವ ಐವರನ್ನೂ ಮೊದಲ ಪಂಕ್ತಿಯಲ್ಲಿ ಕೂರಿಸಿದರು. ಊಟವಾಯಿತು. ಎದ್ದು ಕೈ ತೊಳೆದು ಮತ್ತೆ ಗೋಡೆಗೆ ಒರಗಿದರು. ಈ ಸಲ ಗಂಡಿನ ಕಡೆಯ ಒಬ್ಬರು ಬಂದು, “ಹುಡುಗೀ ಕಡೆಯವರು ಉಪವಾಸ ನಿಂತ್ರೆ ನಮ್ ಮರ್ಯಾದೆ ಏನಾಗ್ಬೇಕು?” ಎಂದು ಇನ್ನೊಮ್ಮೆ ಕೂರಿಸಿದರು. ಎರಡನೇ ಹೋಳಿಗೆಯ ನಂತರ ಯಾರ ನೋಟ್‌ಬುಕ್ಕಿನಲ್ಲೂ ಒಂದಕ್ಷರ ಇರಲಿಲ್ಲ.

ಐವರೂ ಎರಡು ಸಲ ಕೂತದ್ದನ್ನು ಗಮನಿಸಿದವರು ಅಡುಗೆ ಕಂಟ್ರಾಕ್ಟರ್ ಒಬ್ಬರೇ. ಅವರ ಕಡೆಯ ಅರ್ಧ ಜನ ಇನ್ನೊಂದು ಛತ್ರಕ್ಕೆ ಹೋಗಿ ಸಿಕ್ಕಿಬಿದ್ದಿದ್ದರು.

“ಎರಡು ಸಲ ತಿಂದಿದೀರಲ್ಲ, ಕೈ ಚೆನ್ನಾಗೇ ಓಡುತ್ತೆ. ಹಿಡೀರಿ,” ಎಂದು ಬಕೆಟ್ ಕೊಟ್ಟರು.

ಹಾಗೆ ನೋಡುವವರು ಬಡಿಸುವವರಾದರು. ಯಾವಾಗಲೂ ಒಬ್ಬಳೇ ಬರೆಯುವ ಹುಡುಗಿಗೆ ಉಪ್ಪು ಬಂತು. ಇಬ್ಬರಿಗೆ ಪಲ್ಯ, ಕೋಸಂಬರಿ. ಶಿವಮೊಗ್ಗದ ಒಬ್ಬ ಹುಡುಗನಿಗೆ ಅನ್ನ, ಓಲ್ಡ್ ಟೌನಿನವನಿಗೆ ಸಾರು. ತಡೆಯೋಣವೆಂದು ಕಂಬ ಬಿಟ್ಟು ಈಚೆ ಬಂದೆ. ಸೋದರಮಾವ ನೋಡಿಬಿಟ್ಟರು. “ನೀವೊಬ್ರು ಉಳಿದಿದ್ರಾ ತಾಯಿ?” ಎಂದು ನನ್ನನ್ನೂ ಕೂರಿಸಿದರು. ಪಕ್ಕಕ್ಕೆ ತಿರುಗಿದರೆ ಮುಖ್ಯಸ್ಥರು. ಗಂಡಿನ ತಂದೆ ಅವರ ಸಹಪಾಠಿಯಂತೆ.

“ಇದೇನಾ ಮೇಡಂ ಡಿಸೈನು?” ಅಂದರು.

“ಸ್ವಲ್ಪ ಬದಲಾಗಿದೆ ಸರ್,” ಅಂದೆ.

ಉಪ್ಪು ಚೆನ್ನಾಗಿ ಬಂತು. ಪಲ್ಯ, ಕೋಸಂಬರಿ ಬಂದವು. ಶಿವಮೊಗ್ಗದ ಹುಡುಗನಿಗೆ ಅಲ್ಲಿ ಯಾರೂ ಗುರುತಿರಲಿಲ್ಲವಾದ್ದರಿಂದ ಅನ್ನ ಗಾಳಿಯಂತೆ ಬಂದು ಕೊನೆಯ ಎಲೆಯವರೆಗೂ ಹೋಯಿತು. ಮುಖ್ಯಸ್ಥರು ಗುಂಡಿ ಮಾಡಿಕೊಂಡು ಕಾದರು. ಸಾರು ಇನ್ನೂ ಪಂಕ್ತಿಯ ಆ ತುದಿಯಲ್ಲೇ ಇತ್ತು.

ಆ ತುದಿಯಲ್ಲಿ ಕೂತವರೆಲ್ಲ ಓಲ್ಡ್ ಟೌನಿನವರು. ಹುಡುಗನನ್ನು ಎತ್ತಿ ಆಡಿಸಿದವರು.

“ಏನೋ, ಎಂಬಿಎ ಮಾಡಿ ಸಾರು ಬಡಿಸ್ತಿದೀಯ?”

“ಪ್ರಾಜೆಕ್ಟ್ ಅಂಕಲ್.”

“ನಿಮ್ಮಪ್ಪ ಫ್ಯಾಕ್ಟ್ರಿಯಿಂದ ರಿಟೈರ್ ಆದ್ಮೇಲೆ ಕಾಣೋದೇ ಇಲ್ವಲ್ಲ. ಮಂಡಿನೋವು ಹೇಗಿದೆ?”

ಅಪ್ಪನ ಮಂಡಿನೋವಿಗೆ ಉತ್ತರ ಕೊಡದೆ ಮುಂದಿನ ಎಲೆಗೆ ಹೋಗುವ ಹುಡುಗನನ್ನು ಭದ್ರಾವತಿಯಲ್ಲಿ ಯಾರೂ ಬೆಳೆಸುವುದಿಲ್ಲ. ಮುಂದಿನ ಎಲೆಯವರು ಅಕ್ಕನ ಮಗುವಿನ ಬಗ್ಗೆ ಕೇಳಿದರು.

ಉಪ್ಪಿನ ಹುಡುಗಿಗೆ ತಡೆಯಲಾಗಲಿಲ್ಲ. ಹೋಗಿ ಬಕೆಟ್ಟಿಗೆ ಕೈ ಹಾಕಿದಳು.

“ಮಾರಾಯ್ತಿ, ನಿನ್ ಉಪ್ಪು ಆಯ್ತಲ್ಲ? ಹೋಗಿ ಕೂತ್ಕೋ. ಸಾರು ನಂದು,” ಅಂದ ಅವನು. “ಮೇಡಂ ರೂಲ್ ಇದೆ.”

“ಅಲ್ಲಿ ಸರ್ ಒಣ ಅನ್ನ ನೋಡ್ಕೊಂಡು ಕೂತಿದಾರೆ ಕಣೋ.”

“ಬರ್ತೀನಿ. ಆಂಟಿಗೆ ಉತ್ತರ ಹೇಳಿ ಬರ್ತೀನಿ.”

ಅವಳು ನನ್ನ ಕಡೆ ನೋಡಿದಳು. ನನಗೂ ಎದ್ದು ಆ ಬಕೆಟ್ ಕಿತ್ತುಕೊಳ್ಳಬೇಕು ಅನ್ನಿಸಿತು. ಬಹುಶಃ ಇಬ್ಬರ ಮುಖವೂ ಒಂದೇ ಥರ ಇತ್ತು. ನಾನು ಏಳಲಿಲ್ಲ. ಅವಳು ಹೋಗಿ ಕುರ್ಚಿಯಲ್ಲಿ ಕೂತಳು, ಉಪ್ಪಿನ ಬಟ್ಟಲು ತೊಡೆಯ ಮೇಲಿಟ್ಟುಕೊಂಡು.

ಮುಖ್ಯಸ್ಥರು ಕೊನೆಗೆ ಗುಂಡಿಯನ್ನು ಮುಚ್ಚಿ, ಮಜ್ಜಿಗೆ ಕೇಳಿ ಕಲಸಿಕೊಂಡರು.

“ನಾಳೆ ಬರ್ತೀನಿ ಮೇಡಂ,” ಅಂದರು. “ನಂದೊಂದೇ ಪ್ರಶ್ನೆ. ಸಾರು ಯಾಕೆ ಬರ್ಲಿಲ್ಲ? ಐದು ಜನಾನೂ ಹೇಳ್ಬೇಕು. ಐದೂ ಒಂದೇ ಉತ್ತರ ಬಂತೋ, ಒಬ್ರು ಬರ್ಕೊಟ್ಟಿದಾರೆ ಅಂತ ಅರ್ಥ. ಟೆಸ್ಟೇ ಗತಿ.”

ಶಿವಮೊಗ್ಗದ ಬಸ್ಸಿನಲ್ಲಿ ಹುಡುಗರು ಜಗಳ ಶುರುಮಾಡಿದರು. ಅನ್ನ ಬೇಗ ಹೋದದ್ದು ತಪ್ಪು ಎಂದು ಒಬ್ಬ, ಬೇರೆಯವರ ಪಾಲಿಗೆ ಕೈ ಹಾಕಬಾರದೆಂದು ಮೇಡಂ ಹೇಳಿದ್ದೇ ತಪ್ಪು ಎಂದು ಇನ್ನೊಬ್ಬ. ಮಲವಗೊಪ್ಪ ಬರುವ ಹೊತ್ತಿಗೆ ಅವರು ನನ್ನನ್ನು ಮರೆತು ನನ್ನ ಬಗ್ಗೆಯೇ ಮಾತಾಡುತ್ತಿದ್ದರು. ಇಳಿಯುವಾಗ ಉಪ್ಪಿನ ಹುಡುಗಿ ಹತ್ತಿರ ಬಂದಳು.

“ಮೇಡಂ, ಇವ್ರು ಹೀಗೇ ಕಿತ್ತಾಡ್ತಾರೆ. ನಾನೇ ಎಲ್ಲಾ ಸೇರಿಸಿ ಬರೆದುಬಿಡ್ಲಾ?”

“ಉಪ್ಪಿನದು ಬರಿ,” ಅಂದೆ.

ಅವಳಿಗೆ ಹಾಗೆ ಹೇಳುವಾಗ ನನ್ನ ಪೆನ್‌ಡ್ರೈವಿನಲ್ಲಿ ಹದಿನೈದು ಸ್ಲೈಡ್‌ಗಳ ಒಂದು ಪ್ರೆಸೆಂಟೇಶನ್ ಸಿದ್ಧವಿತ್ತು. ಅವರಿಗೆ ಆಗದಿದ್ದರೆ ಇರಲಿ ಎಂದು ಶನಿವಾರವೇ ಮಾಡಿಟ್ಟಿದ್ದೆ.

ಮರುದಿನ ಬೆಳಿಗ್ಗೆ ಪೆನ್‌ಡ್ರೈವನ್ನು ಮನೆಯಲ್ಲೇ ಬಿಟ್ಟು ಹೋಗಿ, ಕೊನೆಯ ಬೆಂಚಿನಲ್ಲಿ ಮುಖ್ಯಸ್ಥರ ಪಕ್ಕ ಕೂತೆ. ಐವರೂ ಐದು ಕಾರಣ ಹೇಳಿದರು, ಒಬ್ಬರ ಮಾತು ಮುಗಿಯಲು ಇನ್ನೊಬ್ಬರು ಬಿಡದೆ. ಉಪ್ಪಿನ ಹುಡುಗಿ ಎರಡು ವಾಕ್ಯ ಹೇಳಿ ಕೂತಳು. “ಪ್ರಾಜೆಕ್ಟ್ ಇರ್ಲಿ ಬಿಡಿ,” ಎಂದರು ಮುಖ್ಯಸ್ಥರು ಮೆಲ್ಲಗೆ. “ಸಾರಿನ ಬಕೆಟ್ ಮಾತ್ರ ಆ ಊರಿನವರ ಕೈಗೆ ಕೊಡ್ಬೇಡಿ.” ಪರದೆಯ ಮೇಲೆ ಹುಡುಗರು ಹಾಕಿದ್ದ ಪಂಕ್ತಿಯ ಫೋಟೊ ಅಡ್ಡ ಬಿದ್ದಿತ್ತು, ಎಲೆಗಳೆಲ್ಲ ಗೋಡೆಗೆ ಅಂಟಿದಂತೆ. ಒಂದು ಬಟನ್ ಒತ್ತಿದರೆ ಸರಿಹೋಗುತ್ತಿತ್ತು. ಕೈ ಕಟ್ಟಿಕೊಂಡು, ಕತ್ತು ವಾಲಿಸಿ ನೋಡಿದೆ.