ಅಕ್ಕನ ಬಿಲ್ಲಿಗೆ ಅಂಟದ ಕೊಂಬು

ಸೇಲಂ ಮೈದಾನದಲ್ಲಿ ನನ್ನಕ್ಕನ ಬಿಲ್ಲಿನ ತುದಿ ಕಿತ್ತು ಹಾರಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಬಾಣ ಅವಳ ಕಾಲ ಬುಡದಲ್ಲೇ ಬಿತ್ತು. ತುದಿ ಮಾತ್ರ ಬಾಣಕ್ಕಿಂತ ಚೆನ್ನಾಗಿ ಹಾರಿ, ಶಾಮಿಯಾನದ ಕೆಳಗೆ ಕೂತಿದ್ದ ಅಧಿಕಾರಿಯೊಬ್ಬರ ಕಾಫಿ ಲೋಟದ ಪಕ್ಕ ಇಳಿಯಿತು. ಅವರು ಅದನ್ನೆತ್ತಿ ತಿರುಗಿಸಿ ನೋಡಿ, "ಎನ್ನಮ್ಮಾ ಇದು, ಮುರುಕ್ಕಾ?" ಅಂದರು, ಚಕ್ಕುಲಿಯಾ ಅಂತ. ಸುತ್ತ ಇದ್ದವರೆಲ್ಲ ನಕ್ಕರು. ಅಕ್ಕ ನಗಲಿಲ್ಲ. ಬಿಲ್ಲುಗಾರಿಕೆ ತಂಡಕ್ಕೆ ಆ ವರ್ಷದ ಆಯ್ಕೆ ಅವಳ ಪಾಲಿಗೆ ಅಲ್ಲಿಗೇ ಮುಗಿದಿತ್ತು. ವಯಸ್ಸಿನ ಲೆಕ್ಕದಲ್ಲಿ ಅವಳಿಗೆ ಉಳಿದಿದ್ದು ಇನ್ನೊಂದೇ ವರ್ಷ.

ಬಿಲ್ಲು ಮಾಡಿದವನು ನಮ್ಮ ಚಿಕ್ಕಪ್ಪ. ಪೆನ್ನಾಗರಂ ಕಡೆಯ ಸ್ಕೂಲೊಂದರಲ್ಲಿ ಪಿ.ಟಿ. ಮೇಷ್ಟ್ರು. ಅಂಗಡಿ ಬಿಲ್ಲು ನಮ್ಮ ಕೈಗೆ ಎಟುಕುವ ವಸ್ತುವಲ್ಲ. ಹಾಗಾಗಿ ಹೊಲದ ಬದುವಿನ ತಡಸಲು ಮರ ಕಡಿದು ಅವನೇ ಕೆತ್ತಿದ್ದ. ಬಿಲ್ಲು ಚೆನ್ನಾಗಿಯೇ ಬಾಗುತ್ತಿತ್ತು. ತೊಂದರೆ ಇದ್ದದ್ದು ಎರಡು ತುದಿಗಳಲ್ಲಿ. ಬರೀ ಮರಕ್ಕೆ ಹೆದೆ ಕಟ್ಟಿದರೆ ದಾರ ಮರವನ್ನೇ ಕೊರೆಯುತ್ತೆ. ಅದಕ್ಕೆ ತುದಿಗೆ ಗಟ್ಟಿ ವಸ್ತುವಿನದೊಂದು ಟೊಪ್ಪಿ ಅಂಟಿಸಬೇಕು. ಆ ವರ್ಷ ಹುಣಸೆ ಮರದ ಟೊಪ್ಪಿ ಅಂಟಿಸಿದ್ದ. ಅದೇ ಮುರುಕ್ಕು.

"ಮುಂದಿನ ವರ್ಷ ಕೊಂಬಿನ ಟೊಪ್ಪಿ," ಅಂತ ಚಿಕ್ಕಪ್ಪ ವಾಪಸ್ ಬರುವಾಗ ಬಸ್ಸಿನಲ್ಲೇ ಘೋಷಿಸಿದ.

"ಕೊಂಬೋ ಮರವೋ ಅಲ್ಲ ಪ್ರಶ್ನೆ. ಅಂಟಿಸಿದ್ದು ಯಾವ ಗೋಂದು, ಅದು ಪ್ರಶ್ನೆ," ಅಂದೆ ನಾನು.

ನಾನಾಗ ಧರ್ಮಪುರಿಯಲ್ಲಿ ಕಾಲೇಜು ಓದುತ್ತಿದ್ದೆ, ಅದಕ್ಕಿಂತ ಹೆಚ್ಚಾಗಿ ಪಟ್ಟಿಮನ್ರಂ ಆಡುತ್ತಿದ್ದೆ. ತಮಿಳಿನವರ ವಾದದ ಪಂದ್ಯ ಅದು. ಈ ಕಡೆ ಒಂದು ತಂಡ, ಆ ಕಡೆ ಒಂದು ತಂಡ, ನಡುವೆ 'ನಡುವರ್' ಅಂತ ಒಬ್ಬ ತೀರ್ಪುಗಾರ. ಸುಖ ಇರೋದು ಕೂಡು ಕುಟುಂಬದಲ್ಲೋ ಬೇರೆ ಸಂಸಾರದಲ್ಲೋ ಅಂತ ಎರಡೂ ತಂಡಗಳನ್ನು ಕಚ್ಚಾಡಿಸಿ, ಕೊನೆಗೆ ನಡುವರ್ "ಎರಡೂ ಬೇಕು" ಅಂದು ಶಾಲು ಹೊದೆಸಿಕೊಂಡು ಹೊರಟುಬಿಡುತ್ತಾರೆ. ಆ ತೀರ್ಪು ಕೇಳಿದಾಗೆಲ್ಲ ನನಗೆ ಮೈ ಉರಿಯುತ್ತಿತ್ತು. ಎರಡೂ ಬೇಕು ಅನ್ನೋದಕ್ಕೆ ತೀರ್ಪುಗಾರ ಯಾಕೆ ಬೇಕು?

ಕೊಂಬು ಹುಡುಕಲು ಚಿಕ್ಕಪ್ಪ ಮೇಚೇರಿ ಸಂತೆಗೆ ಹೋದ. ಕುರಿ ಸಂತೆಯಲ್ಲಿ ಕೊಂಬು ಸಿಗದೆ ಇನ್ನೆಲ್ಲಿ ಸಿಗುತ್ತೆ ಅನ್ನೋದು ಅವನ ತರ್ಕ. ಮೇಚೇರಿ ಕುರಿಗೆ ಕೊಂಬೇ ಇರೋದಿಲ್ಲ ಅಂತ ಕುರಿ ಸಾಕುವ ಮನೆಯಲ್ಲಿ ಹುಟ್ಟಿದವನಿಗೆ ನೆನಪಾದದ್ದು ಸಂತೆಯ ನಡುವೆ ನಿಂತಾಗ. ಬೋಳು ತಲೆಗಳ ಆ ಸಮುದ್ರ ನೋಡಿಕೊಂಡು, ಒಂದು ಕಂಬಳಿ ಕೊಂಡು ಬಂದ.

ಕೊನೆಗೆ ಕೊಂಬು ಕೊಟ್ಟಿದ್ದು ಅಜ್ಜಿ. ಅವಳ ಕೆಂದೆತ್ತು ಸತ್ತು ವರ್ಷಗಳಾಗಿದ್ದವು. ಎರಡೂ ಕೊಂಬನ್ನು ಅಟ್ಟದ ಮೇಲೆ ಬಟ್ಟೆ ಸುತ್ತಿ ಇಟ್ಟಿದ್ದಳು. "ಮೊಮ್ಮಗಳಿಗೆ ಅಂತ ಕೊಡ್ತಾ ಇವ್ನಿ. ಬೇರೆ ಯಾರ್ಗೂ ಕೊಡ್ತಿರ್ಲಿಲ್ಲ," ಅಂದಳು. ಚಿಕ್ಕಪ್ಪ ಗರಗಸ ಹಿಡಿದು ಟೊಪ್ಪಿಗಳನ್ನು ಕತ್ತರಿಸುವಾಗ ಹಟ್ಟಿಗೆ ಹೋಗಿ ಕೂತಿದ್ದಳು.

ಇನ್ನು ಗೋಂದು. ಚಿಕ್ಕಪ್ಪನ ಪಕ್ಷ ವಜ್ರಂ. ಚರ್ಮ, ಮೂಳೆ ಬೇಯಿಸಿ ಮಾಡಿದ ಬಡಗಿಗಳ ಹಳೇ ಅಂಟು. ಕಾರಿಮಂಗಲದ ಬಡಗಿ ಆಸಾರಿಯೊಬ್ಬರು ಕೊಟ್ಟಿದ್ದರು. ಅದನ್ನು ನೀರಿನ ಪಾತ್ರೆಯೊಳಗೆ ಡಬ್ಬಿ ಇಟ್ಟು ಕರಗಿಸಬೇಕು. ಕರಗುವಾಗ ಮನೆಯಲ್ಲಿ ಇಲಿ ಸತ್ತ ವಾಸನೆ ಏಳುತ್ತಿತ್ತು, ಕುರಿ ಕಾಯುವ ನಾಯಿ ಒಲೆ ಮುಂದೆ ಬಂದು ಭಕ್ತಿಯಿಂದ ಕೂರುತ್ತಿತ್ತು. ನನ್ನ ಪಕ್ಷ ಎರಡು ಟ್ಯೂಬಿನ ಗೋಂದು. ಎರಡನ್ನೂ ಸಮ ಹಿಂಡಿ, ಬೆಂಕಿ ಕಡ್ಡಿಯಲ್ಲಿ ಕಲಸಿ ಹಚ್ಚಿದರೆ ರಾತ್ರಿ ಕಳೆಯುವಷ್ಟರಲ್ಲಿ ಕಲ್ಲು.

"ಕೊಂಬು ಪ್ರಾಣಿದು, ವಜ್ರಂನೂ ಪ್ರಾಣಿದು. ಜಾತಿ ಜಾತಿ ಕೂಡ್ತದೆ ಕಣ್ಲಾ," ಅಂದ ಚಿಕ್ಕಪ್ಪ.

"ಸರಿ, ಆದ್ರೆ ಬಿಲ್ಲು ಮರದ್ದು. ಮರಕ್ಕೂ ಎತ್ತಿಗೂ ಏನು ಸಂಬಂಧ? ನಿನ್ನ ವಾದ ಅರ್ಧ ಬಿಲ್ಲಿಗೆ ಮಾತ್ರ ಅನ್ವಯ."

ಉತ್ತರ ಸಿಗದಿದ್ದಾಗ ಚಿಕ್ಕಪ್ಪ ಕೊರಳಲ್ಲಿದ್ದ ಸೀಟಿ ಊದುತ್ತಿದ್ದ. ಊದಿದ. ನಾಯಿ ಎದ್ದು ಓಡಿತು.

ಪರೀಕ್ಷೆಯ ವಿಧಾನ ನನ್ನದು. ಬಿಲ್ಲು ಕೆತ್ತಿ ಉಳಿದ ಮರದ ತುಂಡುಗಳಿಗೆ ಟೊಪ್ಪಿ ಅಂಟಿಸಿ ಒಣಗಿಸೋದು, ಟೊಪ್ಪಿಗೆ ಹಗ್ಗ ಬಿಗಿದು ರಾಗಿ ಬೀಸೋ ಕಲ್ಲಿನ ಮೇಲಿನ ಹೋಳು ತೂಗುಬಿಡೋದು. ಮೊದಲು ವಜ್ರಂ ತೂಗಿತು. ಕಲ್ಲು ಎರಡು ಸಲ ತೂಗಾಡಿ, ಟೊಪ್ಪಿ ಸಮೇತ ಚಿಕ್ಕಪ್ಪನ ಬಿಳಿ ಕ್ಯಾನ್ವಾಸ್ ಬೂಟಿನ ಪಕ್ಕಕ್ಕೆ ಬಿತ್ತು. ಗೆದ್ದೆ ಅಂತ ನಾನು ಭಾಷಣಕ್ಕೆ ಗಂಟಲು ಸರಿಮಾಡಿಕೊಳ್ಳುವಾಗ ಚಿಕ್ಕಪ್ಪ ನನ್ನದನ್ನು ತೂಗುಬಿಟ್ಟ. ಅದು ಒಂದು ಸಲವೂ ತೂಗಾಡಲಿಲ್ಲ, ನೇರ ಬಿತ್ತು.

"ನಿನ್ನದು ಕಲ್ಲಾಗೈತೆ ಕಣ್ಲಾ," ಅಂದ ಚಿಕ್ಕಪ್ಪ. "ಅದಕ್ಕೇ ಕಲ್ಲಿನ ಜತೆ ಓಯ್ತು."

ಅಲ್ಲಿಂದ ವಾರಗಟ್ಟಲೆ ಇದೇ ಕಥೆ. ಅಂಟಿಸೋದು, ತೂಗೋದು, ಬೀಳೋದು, ಜಗಳ. ಟ್ಯೂಬು ಹಳೇದು ಅಂದೆ. ಹೊಸದು ತಂದೆ, ಅದೂ ಬಿತ್ತು. ಮೋಡ ಇದೆ, ವಜ್ರಂ ಒಣಗಿಲ್ಲ ಅಂದ ಚಿಕ್ಕಪ್ಪ. ಬಿಸಿಲಿನ ದಿನವೂ ಬಿತ್ತು. ಸೈಕಲ್ ಶಾಪಿನ ಪಂಕ್ಚರ್ ಸೊಲ್ಯೂಷನ್, ಅರಗು, ಪೋಸ್ಟರ್ ಅಂಟಿಸುವ ಮೈದಾ ಹಿಟ್ಟಿನ ಗಂಜಿ, ಒಂದನ್ನೂ ಬಿಡಲಿಲ್ಲ. ತಮಿಳಿನಲ್ಲಿ ವೇದಿಕೆ ಮೇಲೆ ಗೆದ್ದು ಬರುತ್ತಿದ್ದವನು ಮನೆಯಲ್ಲಿ ಕನ್ನಡದಲ್ಲಿ ಬೀಸೋ ಕಲ್ಲಿಗೆ ಸೋಲುತ್ತಿದ್ದೆ. ಬೀಸೋ ಕಲ್ಲಿನ ಜತೆ ವಾದ ಮಾಡಲು ಯಾವ ಕಾಲೇಜಿನಲ್ಲೂ ಕಲಿಸೋದಿಲ್ಲ.

ಸೇಲಂ ಹತ್ತಿರ ಬಂತು. ಅಕ್ಕ ಟೊಪ್ಪಿಯಿಲ್ಲದ ಹಳೇ ಬಿಲ್ಲಿನಲ್ಲೇ ಅಭ್ಯಾಸ ಮಾಡುತ್ತಿದ್ದಳು. ಹೆದೆ ಮರವನ್ನು ಕೊರೆದು ಕೊರೆದು ಅದು ಸೀಳುವ ಹಾಗಾಗಿತ್ತು. ಒಂದು ಸಂಜೆ ನಾವಿಬ್ಬರೂ ಯಥಾಪ್ರಕಾರ ಕಿರುಚಾಡುವಾಗ ಬಾಣಗಳನ್ನು ದಡಾರನೆ ಕೆಳಗೆ ಹಾಕಿದಳು.

"ನಿಮ್ಮಿಬ್ರ ಬಾಯಿ ಅಂಟಿಸಕ್ಕೆ ಯಾವ ಗೋಂದೈತೆ, ಮೊದ್ಲು ಅದನ್ನ ತಗಂಬನ್ನಿ! ಓದ ವರ್ಷ ನಕ್ಕಿದ್ದು ನಿಮ್ಮನ್ನ ನೋಡಿ ಅಲ್ಲ, ನನ್ನ ನೋಡಿ."

ಚಿಕ್ಕಪ್ಪ ಸೀಟಿ ಬಾಯಿಗಿಟ್ಟ. ಅವಳ ಮುಖ ನೋಡಿ ತೆಗೆದ.

ಅಕ್ಕ ಗೂಡಿನಲ್ಲಿಟ್ಟಿದ್ದ ಕೊಂಬಿನ ಟೊಪ್ಪಿಯೊಂದನ್ನು ತೆಗೆದುಕೊಂಡಳು, ತಾನೇ ಅಂಟಿಸಲು. ಅದು ಅವಳ ಬೆರಳಿನಿಂದ ಮೀನಿನ ಹಾಗೆ ಜಾರಿ ಬಿತ್ತು. ಎತ್ತಿದಳು, ಮತ್ತೆ ಜಾರಿತು. ಮೂಗಿನ ಹತ್ತಿರ ಹಿಡಿದಳು.

"ಅರಳೆಣ್ಣೆ!" ಅಂದಳು.

ಮೂವರೂ ತಿರುಗಿ ನೋಡಿದೆವು. ಅಜ್ಜಿ ಬಾಗಿಲಲ್ಲಿ ಕೂತು ತಲೆಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು. ಪಕ್ಕದಲ್ಲೇ ಬಟ್ಟಲು.

"ಅವ್ವಾ, ಕೊಂಬಿಗೆ ಎಣ್ಣೆ ಅಚ್ಚಿದ್ಯಾ?" ಅಂದ ಚಿಕ್ಕಪ್ಪ.

"ಊಂ. ದಿನಾ ಅಚ್ತೀನಿ."

"ಯಾಕವ್ವಾ?"

"ಯಾಕೇ ಅಂತೀಯಲ್ಲೋ! ಎತ್ತಿನ ಕೊಂಬು ಒಣಗ್ಸಕ್ಕಾಯ್ತದಾ? ಅದು ಬದುಕಿದ್ದಾಗ ನಾನೇ ಅಚ್ತಿದ್ದೆ. ಈಗ ಕುಯ್ದು ಚೂರು ಮಾಡಿ ಗೂಡಲ್ಲಿ ಆಕಿದೀರಿ. ಒಬ್ರಾದ್ರೂ ಒಂದು ತೊಟ್ಟು ಅಚ್ಚಿದ್ರಾ?"

ನಾನು ವಾದಕ್ಕೆ ಬಾಯಿ ತೆರೆದೆ. ಸತ್ತ ಎತ್ತಿನ ಕೊಂಬಿಗೆ ಎಣ್ಣೆಯ ಅಗತ್ಯವಿಲ್ಲ ಅನ್ನೋದಕ್ಕೆ ನನ್ನ ಹತ್ತಿರ ಒಳ್ಳೆಯ ಅಂಶಗಳಿದ್ದವು. "ಏನ್ಲಾ?" ಅಂದಳು ಅಜ್ಜಿ. ಏನಿಲ್ಲ ಅಂದೆ.

ಅಂದರೆ ಇಷ್ಟು ದಿನ ವಜ್ರಂ ಸೋತಿರಲಿಲ್ಲ, ಟ್ಯೂಬೂ ಸೋತಿರಲಿಲ್ಲ. ಎಣ್ಣೆ ಕುಡಿದ ಕೊಂಬಿಗೆ ಯಾವ ಗೋಂದು ತಾನೇ ಅಂಟುತ್ತೆ? ಅಕ್ಕ ಟೊಪ್ಪಿಗಳನ್ನು ಸೀಗೆಕಾಯಿ ಹಾಕಿ ಬಿಸಿನೀರಲ್ಲಿ ತಿಕ್ಕಿದಳು, ಅಂಟುವ ಕಡೆಯನ್ನು ಗರಗಸದ ಬ್ಲೇಡಿನಲ್ಲಿ ಕೆರೆದಳು, ಬೂದಿ ಹಾಕಿ ಮತ್ತೆ ತಿಕ್ಕಿದಳು. ಇನ್ನು ಪರೀಕ್ಷೆಗೆ ಹೊತ್ತಿರಲಿಲ್ಲ. ಚಿಕ್ಕಪ್ಪ ಸೇಲಂಗೆ ಅಂತ ಕೆತ್ತಿಟ್ಟಿದ್ದ ಹೊಸ ಬಿಲ್ಲು ಒಂದೇ, ನೇರ ಅದಕ್ಕೇ ಅಂಟಿಸಬೇಕು.

"ವಜ್ರಂ," ಅಂದ ಚಿಕ್ಕಪ್ಪ.

"ಟ್ಯೂಬು," ಅಂದೆ ನಾನು.

ಅಕ್ಕ ನಮ್ಮಿಬ್ಬರನ್ನೂ ನೋಡಿದಳು. "ಮೇಲಿನ ತುದಿಗೆ ವಜ್ರಂ, ಕೆಳಗಿನ ತುದಿಗೆ ಟ್ಯೂಬು. ಮುಗೀತು. ಯಾರಾದ್ರೂ ಇನ್ನೊಂದು ಮಾತಾಡಿದ್ರೆ ಬಿಲ್ಲು ಒಲೆಗೆ ಆಕ್ತೀನಿ."

ಎರಡೂ ಬೇಕು! ನನ್ನ ಮನೆಯಲ್ಲೇ, ನನ್ನ ಅಕ್ಕನಿಂದಲೇ ಅದೇ ತೀರ್ಪು. ಮೈ ಉರಿಯಿತು. ಆದರೆ ಒಲೆ ಉರಿಯುತ್ತಿತ್ತು, ಸುಮ್ಮನಾದೆ.

ಸೇಲಂನಲ್ಲಿ ಅವಳು ಬಿಡುವ ಒಂದೊಂದು ಬಾಣಕ್ಕೂ ನಮಗೆ ಜೀವ ಹೋಗಿ ಬರುತ್ತಿತ್ತು. ಚಿಕ್ಕಪ್ಪ ಮೇಲಿನ ತುದಿಯಿಂದ ಕಣ್ಣು ಕೀಳಲಿಲ್ಲ, ನಾನು ಕೆಳಗಿನದರಿಂದ ಕೀಳಲಿಲ್ಲ. ಶಾಮಿಯಾನದ ಕೆಳಗೆ ಈ ಸಲವೂ ಕಾಫಿ ಕುಡಿಯುತ್ತಿದ್ದರು. ಎಲ್ಲರೂ ಚಪ್ಪಾಳೆ ತಟ್ಟಿದಾಗ ಚಿಕ್ಕಪ್ಪ ಪಕ್ಕದವರನ್ನು "ಎನ್ನಾಚ್ಚು, ಎನ್ನಾಚ್ಚು?" ಅಂತ ಕೇಳಿದ. ಬಾಣಗಳು ಎಲ್ಲಿಗೆ ಹೋದವು ಅಂತ ನಮ್ಮಿಬ್ಬರಲ್ಲಿ ಒಬ್ಬನೂ ನೋಡಿರಲಿಲ್ಲ. ಅಕ್ಕ ತಂಡಕ್ಕೆ ಆಯ್ಕೆಯಾಗಿದ್ದಳು.

ವಾಪಸ್ ಬರುವಾಗ ಬಸ್ಸಿನಲ್ಲಿ ನಾನು ಹೇಳಿದೆ, ಎರಡೂ ನಿಂತರೆ ಅದು ಪರೀಕ್ಷೆಯೇ ಅಲ್ಲ, ಯಾವುದು ಮೇಲು ಅಂತ ಇನ್ನೂ ತೀರ್ಮಾನವಾಗಿಲ್ಲ. ಚಿಕ್ಕಪ್ಪ ಸೀಟಿ ಊದಿದ. ಡ್ರೈವರ್ ಬಸ್ ನಿಲ್ಲಿಸಿದ. ಕಂಡಕ್ಟರ್ ನಮ್ಮನ್ನು ಬೈದದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ. ಅಕ್ಕ ಕಿಟಕಿ ಕಡೆ ತಿರುಗಿ ಮೈಯೆಲ್ಲ ಕುಲುಕಿಸಿಕೊಂಡು ನಗುತ್ತಿದ್ದಳು.

ಮನೆ ಸೇರಿದಾಗ ಅಜ್ಜಿ ಬಟ್ಟಲು ಹಿಡಿದೇ ಕಾದಿದ್ದಳು. "ಗೆದ್ದು ಬಂದ್ಯಂತೆ. ಈಗ್ಲಾದ್ರೂ ಅಚ್ಲೇನವ್ವಾ?"

"ಬೇಡ!" ನಾನೂ ಚಿಕ್ಕಪ್ಪನೂ ಒಟ್ಟಿಗೇ ಕೂಗಿದೆವು. ಆ ವರ್ಷವೆಲ್ಲ ನಾವಿಬ್ಬರೂ ಒಪ್ಪಿಕೊಂಡದ್ದು ಅದೊಂದೇ ಮಾತು.

ಅಕ್ಕ ಬಿಲ್ಲನ್ನು ಅಜ್ಜಿಯ ತೊಡೆ ಮೇಲೆ ಇಟ್ಟಳು. "ಅಚ್ಚವ್ವಾ. ಮೇಲ್ಮೇಲೆ ಮಾತ್ರ."

ಅಜ್ಜಿ ಬೆರಳು ಅದ್ದಿಕೊಂಡು ತುದಿಗಳನ್ನು ನೋಡಿದಳು. "ಇದ್ರಲ್ಲಿ ಬಲಗೊಂಬು ಯಾವ್ದು, ಎಡಗೊಂಬು ಯಾವ್ದು?"

ಮೇಲಿನದು ವಜ್ರಂ, ಕೆಳಗಿನದು ಟ್ಯೂಬು ಅಂತ ನಾವು ನಿದ್ದೆಯಲ್ಲೂ ಹೇಳುತ್ತಿದ್ದೆವು. ಎತ್ತಿನ ಯಾವ ಕಡೆಯ ಕೊಂಬು ಎಲ್ಲಿ ಹೋಯಿತು ಅಂತ ಚಿಕ್ಕಪ್ಪ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ.

"ಓಗ್ಲಿ ಬಿಡಿ," ಅಂದಳು ಅಜ್ಜಿ, "ಎರಡಕ್ಕೂ ಅಚ್ತೀನಿ."