ಹಟ ಮಾಡುವ ತಂತಿ

ಖಾನಾಪುರದಲ್ಲಿರುವ ನನ್ನ ಸೋದರತ್ತೆ ಮಾತಿನಲ್ಲಿ ಮೆಣಸಿನಕಾಯಿ. ಹೈಸ್ಕೂಲು ಮುಗಿಯುವವರೆಗೆ ನಾನು ಬೆಳೆದದ್ದು ಆಕೆಯ ಮನೆಯಲ್ಲೇ. ಅಂಥವಳು ಹೋದ ವರ್ಷ ನಾಲ್ಕು ಹೆಜ್ಜೆ ನಡೆದರೆ ಏದುಸಿರು ಬಿಡತೊಡಗಿದಳು. ಬೆಳಗಾವಿಯ ಆಸ್ಪತ್ರೆಯಲ್ಲಿ ಬಾಯಿಂದ ನಳಿಕೆ ಇಳಿಸಿ ನೋಡಿದಾಗ ಹೊಟ್ಟೆಯೊಳಗೊಂದು ಗಂಟು ಕಂಡಿತು. ಅದರಿಂದ ದಿನವೂ ಒಂದಿಷ್ಟು ರಕ್ತ ಸೋರಿ, ಮೈಯಲ್ಲಿ ರಕ್ತವೇ ಕಡಿಮೆಯಾಗಿತ್ತು. ಮತ್ತೊಮ್ಮೆ ನಳಿಕೆ ಇಳಿಸಿ, ಅದರೊಳಗಿಂದ ತಂತಿಯ ಕುಣಿಕೆ ಹಾಯಿಸಿ, ಗಂಟಿನ ಬುಡಕ್ಕೆ ಬಿಗಿದು ತೆಗೆಯಬೇಕು, ತಡ ಮಾಡಬೇಡಿ ಎಂದರು ಡಾಕ್ಟರು.

"ನೋಡಾಕ ಹಾಕಿದ್ದು ಸಾಕು. ಕೊಯ್ಯಾಕ ನಾ ಒಲ್ಲೆ," ಎಂದವಳೇ ಅತ್ತೆ ಖಾನಾಪುರದ ಬಸ್ಸು ಹತ್ತಿಬಿಟ್ಟಳು.

ನನಗೆ ಸಿಟ್ಟು ನೆತ್ತಿಗೇರಿತು. ನನ್ನ ಹೊಟ್ಟೆಪಾಡೇ ಆ ತಂತಿಯಲ್ಲವೇ! ಬೆಳಗಾವಿಯ ಇಂಜಿನಿಯರಿಂಗ್ ಕಾಲೇಜಿನಲ್ಲಿ ಇಂಥ ಬಳುಕುವ ಉಪಕರಣಗಳನ್ನು ಕಂಪ್ಯೂಟರಿನೊಳಗೆ ಕಟ್ಟುವುದು ನನ್ನ ಕೆಲಸ. ತಂತಿ ಎಲ್ಲಿ ಬಾಗುತ್ತದೆ, ಎಷ್ಟು ತಿರುಚಿಕೊಳ್ಳುತ್ತದೆ, ನಳಿಕೆಯ ಗೋಡೆಗೆ ಹೇಗೆ ಉಜ್ಜುತ್ತದೆ ಎಂದು ಲೆಕ್ಕ ಹಾಕಿದರೆ ಪರದೆಯ ಮೇಲೆ ಅದು ಚಲಿಸುತ್ತದೆ. ಹೊಸ ಡಾಕ್ಟರುಗಳು ರೋಗಿಯನ್ನು ಮುಟ್ಟುವ ಮೊದಲು ಇದರ ಮೇಲೆ ಕೈ ಪಳಗಿಸಿಕೊಳ್ಳಲಿ ಎಂಬುದು ನಮ್ಮ ಆಸೆ.

ಭಾನುವಾರ ಲ್ಯಾಪ್‌ಟಾಪು ಹಿಡಿದು ಖಾನಾಪುರಕ್ಕೆ ಹೋದೆ. ಪರದೆಯಲ್ಲಿ ತಂತಿಯ ಹೊರತುದಿಯ ಹಿಡಿಕೆ ತಿರುಗಿಸಿದಷ್ಟೇ ಕುಣಿಕೆ ತಿರುಗಿತು, ಗಂಟಿನ ಬುಡಕ್ಕೆ ಸಲೀಸಾಗಿ ಹೋಗಿ ಕೂತಿತು. ಅತ್ತೆ ಕಣ್ಣು ಕಿರಿದು ಮಾಡಿ ನೋಡಿದಳು.

"ಅಗ ಬಾಯಿ! ಇಷ್ಟ ಸಲೀಸ ಇದ್ರ ಆ ಡಾಕ್ಟರ್ ಯಾಕ ಅಷ್ಟ ಮುಖಾ ಗಂಟ ಹಾಕ್ಕೊಂಡಿದ್ರು? ಟೀವ್ಯಾಗ ಎಲ್ಲಾ ಚಂದನ ಕಾಣತೈತಿ. ತಗಿ ಅದನ್ನ, ಚಾ ಕುಡಿ."

ಆಕೆ ಹೇಳಿದ್ದು ಸುಳ್ಳಾಗಿರಲಿಲ್ಲ. ಬೆಳಗಾವಿಯ ಉದ್ಯಮಬಾಗದ ಸಣ್ಣ ಕಾರ್ಖಾನೆಯೊಂದರಲ್ಲಿ ನಿಜವಾದ ತಂತಿಯನ್ನು ಪರೀಕ್ಷಿಸಿದಾಗೆಲ್ಲ, ಹಿಡಿಕೆ ತಿರುಗಿಸಿದರೂ ತುದಿ ಸುಮ್ಮನಿರುತ್ತಿತ್ತು. ಇನ್ನಷ್ಟು ತಿರುಗಿಸಿದರೆ ಸರಕ್ಕನೆ ಜಿಗಿಯುತ್ತಿತ್ತು. ನನ್ನ ಕಂಪ್ಯೂಟರಿನ ತಂತಿ ಮಾತ್ರ ಹೇಳಿದಂತೆ ಕೇಳುವ ಸಂಭಾವಿತ. ತಪ್ಪು ಎಲ್ಲಿದೆ ಎಂದು ತಿಂಗಳುಗಟ್ಟಲೆ ತಲೆ ಕೆರೆದುಕೊಂಡಿದ್ದೆ.

ಆ ವಾರ ಕಾರ್ಖಾನೆಯಲ್ಲಿ ಹೊಸ ತಂತಿಯ ಪೊಟ್ಟಣ ಒಡೆದು, ಮೇಜಿನ ಮೇಲೆ ನೆಟ್ಟಗೆ ಚಾಚಿ ಕೈಬಿಟ್ಟೆ. ಸುತ್ತಿಟ್ಟ ನೀರಿನ ಪೈಪು ಬಿಚ್ಚಿದ ಮೇಲೂ ಸುತ್ತಿಕೊಳ್ಳುವ ಹಾಗೆ ಅದು ತಾನಾಗಿ ಸುರುಳಿಯತ್ತ ಬಾಗಿತು. ಅಯ್ಯೋ ನನ್ನ ಬುದ್ಧಿಯೇ! ಅದು ಪೊಟ್ಟಣದಲ್ಲಿ ಸುತ್ತಿಕೊಂಡೇ ಬರುವ ವಸ್ತು; ನನ್ನ ಲೆಕ್ಕದಲ್ಲಿ ನಾನದನ್ನು ನೆಟ್ಟಗೆ ಹುಟ್ಟಿಸಿದ್ದೆ. ಆ ಬಾಗನ್ನೂ ಲೆಕ್ಕಕ್ಕೆ ಸೇರಿಸಿದೆ. ತಂತಿಯ ಬಾಗು ನಳಿಕೆಯ ಬಾಗಿಗೆ ಅಂಟಿ ನಿಂತಿತು, ತಿರುಚು ಹೆಚ್ಚಿದಾಗ ಸರಕ್ಕನೆ ಜಿಗಿಯಿತು. ಪರದೆಯ ಮೇಲೆ ತಂತಿ ಮೊದಲ ಸಲ ಹಟ ಮಾಡಿತು. ಖುಷಿಗೆ ಒಬ್ಬಳೇ ಚಪ್ಪಾಳೆ ತಟ್ಟಿದೆ.

ಆದರೆ ಇದನ್ನು ಅತ್ತೆಗೆ ತೋರಿಸುವುದೆ? ಹೆದರಿ ಪೂರ್ತಿ ಬೇಡವೆಂದರೆ? ಮತ್ತೆ ಆ ಚಂದದ ಚಿತ್ರ ತೋರಿಸಲು ಮನಸ್ಸು ಒಪ್ಪಲಿಲ್ಲ. ಖಾನಾಪುರಕ್ಕೆ ಹೋಗಿ ಹೊಸದನ್ನೇ ತೋರಿಸಿದೆ.

ತಂತಿ ಜಿಗಿದದ್ದು ನೋಡಿ ಅತ್ತೆ ಹಿಂದೆ ಸರಿದಳು. "ಖರೇನ ಹಿಂಗ ಮಾಡತೈತೇನ ಇದು?"

"ಖರೇನ ಅತ್ತಿ."

"ಆವಾಗ ಡಾಕ್ಟರ್ ಏನ್ ಮಾಡ್ತಾರ?"

"ಗಂಟಿನಿಂದ ದೂರ ಇದ್ದಾಗನ ತಿರಗಸ್ತಾರ. ಜಿಗದು ನಿಂತ ಮ್ಯಾಲ ಹತ್ರ ಒಯ್ತಾರ. ಅವಸರ ಮಾಡಂಗಿಲ್ಲ."

ಅತ್ತೆ ಮುಂದೆ ಸರಿದು, ಇನ್ನೊಮ್ಮೆ ಜಿಗಿಸಿ ತೋರಿಸೆಂದಳು.

"ಮೊದಲ ಇದನ್ನ ತೋರಸಬೇಕಿತ್ತಲ್ಲ, ಹುಚ್ಚಿ! ಇದರ ಹಟ ಗೊತ್ತಿದ್ದವ್ರ ಕೈಯಾಗಾದ್ರ ಹೋಗೂಣು ನಡಿ."

ಗಂಟು ತೆಗೆದ ದಿನ ಬಾಗಿಲ ಹೊರಗೆ ನನ್ನ ಜೀವ ಕೈಯಲ್ಲಿತ್ತು. ಅತ್ತೆಗೆ ತೋರಿಸಿದ್ದನ್ನು ಡಾಕ್ಟರಿಗೂ ಮೊದಲೇ ಹೇಳಿದ್ದೆ; ಅವರು ಬಂದು, "ಒಮ್ಮೆ ಜಿಗೀತ್ರಿ. ನಾವು ಗಂಟಿನಿಂದ ದೂರನ ಇದ್ವಿ. ಎಲ್ಲಾ ಚಲೋ ಆತು," ಎಂದರು.

ಎಚ್ಚರವಾದ ಕೂಡಲೇ ಅತ್ತೆ ಕೇಳಿದ್ದೂ ಅದನ್ನೇ. "ಜಿಗೀತೇನ?"

"ಜಿಗೀತು ಅತ್ತಿ."

"ನೀ ನನಗ ಸುಳ್ಳ ಹೇಳಲಿಲ್ಲ ನೋಡು," ಎಂದು ಕೈ ಹಿಡಿದುಕೊಂಡಳು.

ಮಂಚದ ಪಕ್ಕದಲ್ಲೇ ಗೊಳೋ ಎಂದು ಅತ್ತುಬಿಟ್ಟೆ.

"ಅಳೂದ ಬಿಡ. ಹಸುವಾಗೈತಿ. ಊಟಾ ಯಾವಾಗ ಕೊಡ್ತಾರ, ಕೇಳಿ ಬಾ."