ಎದುರು ಮನೆಯ ಬೈಗುಳದ ಪಾಠ

ಅಮೆರಿಕದ ಮೌಂಟನ್ ವ್ಯೂನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಎದುರು ಮನೆಯಾಕೆ ಮಾಲಿ ದೇಶದ ಟಿಂಬಕ್ಟುವಿನವಳು. ನಮ್ಮಿಬ್ಬರ ಮಾತುಕತೆ ಇಂಗ್ಲಿಷಿನಲ್ಲಿ. ಮನೆಯೊಳಗೆ ಆಕೆ ಆಡುವುದು ಸೊಂಘಾಯ್ ಭಾಷೆ, ಅದೂ ಟಿಂಬಕ್ಟು ಕಡೆಯದು. ಅವಳ ಮಗಳಿಗಾಗಿ ನಾನೊಂದು ಆನ್‌ಲೈನ್ ಸೊಂಘಾಯ್ ಕ್ಲಾಸು ಹುಡುಕಿಕೊಟ್ಟರೆ, "ಇದು ಗಾವೋ ಊರವರ ಮಾತು, ನಮ್ಮನೇದಲ್ಲ" ಎಂದು ಮುಖ ತಿರುಗಿಸಿದಳು. ಧಾರವಾಡದವಳಾದ ನನಗೆ ಅದನ್ನು ಬಿಡಿಸಿ ಹೇಳಬೇಕಿರಲಿಲ್ಲ.

ಶನಿವಾರ ಬೆಳಿಗ್ಗೆ ಊರಿಂದ ಅವಳ ಅಣ್ಣನ ಮಗ ವಿಡಿಯೋ ಕಾಲ್ ಮಾಡುತ್ತಿದ್ದ. ಮಗಳಿಗೆ ಅವನು ಸೋದರಮಾವನ ಮಗ. ನಮ್ಮಲ್ಲಿ ಅತ್ತೆ-ಮಾವನ ಮಕ್ಕಳು ಒಬ್ಬರನ್ನೊಬ್ಬರು ಕಿಚಾಯಿಸುತ್ತಾರಲ್ಲ, ಅವರಲ್ಲಿ ಅದಕ್ಕಿಂತ ಜೋರು. ಕಂಡೊಡನೆ ಬೈಯಬೇಕು, ಬೈಸಿಕೊಂಡವರು ತಿರುಗಿ ಬೈಯಬೇಕು. ಹೈಸ್ಕೂಲಿಗೆ ಹೋಗುವ ಮಗಳಿಗೆ ಎಲ್ಲ ಅರ್ಥವಾಗುತ್ತಿತ್ತು. ಆದರೆ ನಕ್ಕು, ಇಂಗ್ಲಿಷಿನಲ್ಲಿ ಏನೋ ಒಂದು ಅಂದು ಎದ್ದುಹೋಗುತ್ತಿದ್ದಳು.

ಒಂದು ಶನಿವಾರ ಆ ಹುಡುಗ ಬೈಯಲೇ ಇಲ್ಲ. ಮೆಲ್ಲಗೆ ಕ್ಷೇಮ ವಿಚಾರಿಸಿದ, ಓದು ಹೇಗೆ ನಡೆದಿದೆ ಎಂದು ಕೇಳಿದ. ಆಕೆ ನಮ್ಮ ಅಡುಗೆಮನೆಗೆ ಬಂದು ಅತ್ತುಬಿಟ್ಟಳು.

"ಪರಿಚಯ ಇಲ್ಲದವರ ಹತ್ತಿರ ಮಾತಾಡೋ ಹಾಗೆ ಮಾತಾಡಿದ. ನನ್ನ ಮಗಳು ಅವರಿಗೆ ಹೊರಗಿನವಳಾಗಿಹೋದಳು." ಆಮೇಲೆ ಕಣ್ಣೊರೆಸಿಕೊಂಡು, "ಇಲ್ಲ, ನಾನು ಬಿಡೋದಿಲ್ಲ" ಎಂದಳು.

ಬಿಡಲೂ ಇಲ್ಲ ಮಹಾರಾಯ್ತಿ! ಮರುದಿನದಿಂದಲೇ ಸಂಜೆ ಬೈಗುಳದ ಪಾಠ ಶುರು. ಹುಡುಗನ ಪಾತ್ರ ನನಗೆ ಬಂತು. "ಏ ಮಂಗ್ಯಾ, ಮಾರೀನರ ತೊಳ್ಕೊಂಡೀಯೇನ?" ಎಂದು ನಾನು ನನ್ನ ಮಾತಿನಲ್ಲೇ ಕೆಣಕಬೇಕು, ಮಗಳು ಟಿಂಬಕ್ಟು ಮಾತಿನಲ್ಲಿ ತಿರುಗಿ ಬೈಯಬೇಕು. ಬೈಯುವ ತನಕ ತಾಯಿ ಊಟ ಬಡಿಸುತ್ತಿರಲಿಲ್ಲ.

"ಮಾಮ್, ದಿಸ್ ಈಸ್ ಸೋ ವಿಯರ್ಡ್!"

"ಆಗಲಿ. ಬೈಯಿ."

ಮುಂದೊಂದು ಶನಿವಾರ ನಾನೂ ಅಲ್ಲೇ ಕೂತಿದ್ದೆ. ಹುಡುಗ ಹೋದ ಸಲದಂತೆಯೇ ಸಭ್ಯನಾಗಿ ಕ್ಷೇಮ ಕೇಳತೊಡಗಿದ. ಹುಡುಗಿ ಅವನ ಮಾತು ತಡೆದು, ನಿನ್ನ ಕಿವಿ ಕತ್ತೆಯದು, ಬುದ್ಧಿಯೂ ಅದರದೇ ಎಂದು ನಮ್ಮ ಪಾಠದ ಬೈಗುಳವನ್ನೇ ಟಿಂಬಕ್ಟು ಮಾತಿನಲ್ಲಿ ಒದರಿದಳು. ನಡುವೆ ತಡವರಿಸಿದಳು, ನಿಲ್ಲಿಸಲಿಲ್ಲ.

ಇದ್ದಕ್ಕಿದ್ದಂತೆ ಹುಡುಗ ಕೇಕೆ ಹಾಕಿ, ಉಸಿರು ಬಿಡದೆ ಏನೇನೋ ಸುರಿಸತೊಡಗಿದ. ಆಕೆ ನನ್ನ ರಟ್ಟೆಯನ್ನು ನೋಯುವ ಹಾಗೆ ಹಿಡಿದಳು.

"ಬೈತಿದಾನೆ!" ಎಂದಳು. "ಕೇಳಿದೆಯಾ? ನನ್ನ ಮಗಳನ್ನ ಬೈತಿದಾನೆ!"